ಗಡಾಯಿಕಲ್ಲು: ಒಂದೇ ದಾರಿಯ ಕೋಟೆ

ಬೆಳುವಾಯಿಯಿಂದ ಹೊರಟು ಮೂಡುಬಿದಿರೆ, ವೇಣೂರು, ಗುರುವಾಯನಕೆರೆ ದಾಟಿ ಬೆಳ್ತಂಗಡಿ ಸೇರಿದರೆ, ಘಟ್ಟದ ಸಾಲಿನಿಂದ ತುಸು ಮುಂದೆ ಬಂದು ನಿಂತ ಬೋಳು ಬಂಡೆಯೊಂದು ಕಾಣುತ್ತದೆ. ಪೇಟೆಯಿಂದ ಸುಮಾರು 8 ಕಿ.ಮೀ. ದೂರದ ನಡ ಗ್ರಾಮದಲ್ಲಿರುವ ಈ ಬಂಡೆಯ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,700 ಅಡಿ ಎತ್ತರದಲ್ಲಿದೆ.

ಮೂರು ಹೆಸರು

ಊರವರ ಬಾಯಲ್ಲಿ ಇದು ಗಡಾಯಿಕಲ್ಲು. ಹಳೆಯ ಹೆಸರು ನರಸಿಂಹಗಢ. 1794ರಲ್ಲಿ ಇಲ್ಲಿ ಕೋಟೆ ಕಟ್ಟಿಸಿದ ಟಿಪ್ಪು ಸುಲ್ತಾನ್ ಇದಕ್ಕೆ ಜಮಾಲಾಬಾದ್ ಎಂದು ಹೆಸರಿಟ್ಟ. ಅದು ಅವನ ತಾಯಿ ಜಮಾಲಬಿಯ ಹೆಸರು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಆದರೆ ಇತಿಹಾಸದ ಪುಸ್ತಕಗಳಲ್ಲಿ ಅವನ ತಾಯಿ ಫಾತಿಮಾ ಫಖ್ರುನ್ನೀಸಾ. ಹಾಗಾಗಿ ಈ ಮಾತನ್ನು ಐತಿಹ್ಯವೆಂದೇ ಇಟ್ಟುಕೊಳ್ಳುವುದು ಲೇಸು.

ಬಲವೂ ಅದೇ, ಕುತ್ತೂ ಅದೇ

ಮೇಲೇರಲು ಇರುವುದು ಒಂದೇ ಇಕ್ಕಟ್ಟು ದಾರಿ. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು 1,876 ಎಂದು ಲೆಕ್ಕ ಹೇಳುತ್ತಾರೆ; ಏದುಸಿರು ಬಿಡುತ್ತ ಹತ್ತುವವರಿಗೆ ಎಣಿಕೆ ನಡುವೆಯೇ ತಪ್ಪುತ್ತದೆ. ಆ ದಾರಿಯನ್ನು ಕಾಯಲು ಬೆರಳೆಣಿಕೆಯ ಸಿಪಾಯಿಗಳು ಸಾಕು. 1801ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಇದರ ಇನ್ನೊಂದು ಮಗ್ಗುಲನ್ನೂ ಗುರುತಿಸಿದ: ವೈರಿ ಕೆಳಗೆ ನಿಂತರೆ ಹತ್ತುವುದು ಎಷ್ಟು ಕಷ್ಟವೋ ಇಳಿಯುವುದೂ ಅಷ್ಟೇ ಕಷ್ಟ. ಮೇಲಿದ್ದವರನ್ನು ಕೂಡಿಹಾಕಲು ಸಣ್ಣ ತುಕಡಿಯೇ ಸಾಕಾಗುತ್ತದೆ.

ಆಗಿದ್ದೂ ಹಾಗೆಯೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೋಟೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಬಳಿಕ ತಿಮ್ಮ ನಾಯಕ ಎಂಬವನು ಅದನ್ನು ವಶಪಡಿಸಿಕೊಂಡ. 1800ರಲ್ಲಿ ಬ್ರಿಟಿಷರು ಮುತ್ತಿಗೆ ಹಾಕಿ ಮತ್ತೆ ಪಡೆದರು.

ನೆತ್ತಿಯ ಮೇಲಿನ ನೀರು

ಬೆಟ್ಟದ ಕೋಟೆಗೆ ಮದ್ದುಗುಂಡಿಗಿಂತ ಮೊದಲು ಬೇಕಾದ್ದು ನೀರು. ಗಡಾಯಿಕಲ್ಲಿಗೆ ಅದನ್ನು ಕೆಳಗಿನಿಂದ ಏರಿಸುವ ಗೋಜೇ ಇಲ್ಲ, ಅದು ಆಕಾಶದಿಂದಲೇ ಇಳಿಯುತ್ತದೆ. ತುಳುನಾಡಿನ ಆಟಿ ತಿಂಗಳ ಮಳೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಆ ಮಳೆನೀರು ನಿಲ್ಲಲು ನೆತ್ತಿಯಲ್ಲಿ ಕೊಳವಿದೆ. ಇಂದು ಅದರ ಸುತ್ತ ಉಳಿದಿರುವುದು ಮುರಿದ ಗೋಡೆ, ಪೊದೆ, ಜೊತೆಗೆ ಒಂದು ಫಿರಂಗಿ.

ಈಗ

ಬಂಡೆ ಕುದುರೆಮುಖ ವನ್ಯಜೀವಿ ವಿಭಾಗದ ವ್ಯಾಪ್ತಿಯಲ್ಲಿದೆ. ಹತ್ತುವವರು ಅರಣ್ಯ ಇಲಾಖೆಗೆ ಶುಲ್ಕ ಕಟ್ಟಬೇಕು. ಮಳೆಗಾಲದಲ್ಲಿ ಮೆಟ್ಟಿಲುಗಳು ಪಾಚಿಗಟ್ಟಿ ಜಾರುತ್ತವೆ. ಕುಡಿಯುವ ನೀರನ್ನು ಕೆಳಗಿನಿಂದಲೇ ಒಯ್ಯಬೇಕು.