78 ಸುತ್ತಿನ ನಂಬಿಕೆ: ಗೌಹರ್ ಜಾನ್ ತಟ್ಟೆಗಳ ಶ್ರುತಿ ಮತ್ತು ಕಾಲಪ್ರಮಾಣ

1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಧ್ವನಿಮುದ್ರಿಸಿಕೊಂಡ ಗೌಹರ್ ಜಾನ್ ಗಾಯನದ ಬಗ್ಗೆ ಒಂದು ಮಾತು ಬಹುಕಾಲದಿಂದ ನಡೆದುಬಂದಿದೆ: ತಟ್ಟೆಯ ಮೂರು ನಿಮಿಷದ ಮಿತಿಗೆ ಸಿಕ್ಕಿ ಆಕೆ ಏರುಶ್ರುತಿಯಲ್ಲಿ, ಅವಸರದ ಲಯದಲ್ಲಿ ಹಾಡಿದರು ಎಂಬುದು. ಮಿತಿ ಇದ್ದದ್ದು ನಿಜ. ಆದರೆ ಏರುಶ್ರುತಿಗೂ ಅವಸರಕ್ಕೂ ಕೊಡುವ ಆಧಾರ ಡಿಜಿಟಲ್ ಪ್ರತಿ ಮಾತ್ರ. ಆ ಪ್ರತಿ ತೆಗೆಯುವಾಗ ತಟ್ಟೆ ಯಾವ ವೇಗದಲ್ಲಿ ತಿರುಗುತ್ತಿತ್ತು ಎಂದು ಕೇಳದೆ ಲಯದ ಕೋಷ್ಟಕ ರಚಿಸುವುದು ಸಂಶೋಧನೆಯಲ್ಲ.

ನಿಮಿಷಕ್ಕೆ 78 ಸುತ್ತು ಎಂಬ ಪ್ರಮಾಣ ನೆಲೆಗೊಂಡದ್ದು 1925ರಲ್ಲಿ ವಿದ್ಯುತ್ ಮುದ್ರಣ ಬಂದ ಮೇಲೆ. ಅದಕ್ಕೆ ಹಿಂದಿನ ತಟ್ಟೆಗಳ ವೇಗ 70ರ ಆಸುಪಾಸಿನಿಂದ 80ರ ಆಚೆಗೂ ಓಡಾಡುತ್ತದೆ. 72 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ 195 ಸೆಕೆಂಡಿನ ಹಾಡು 180 ಸೆಕೆಂಡಿಗೆ ಮುಗಿಯುತ್ತದೆ; ಶ್ರುತಿ ಹಾರ್ಮೋನಿಯಮ್ಮಿನ ಒಂದು ಮನೆಗಿಂತಲೂ ಹೆಚ್ಚು ಮೇಲೇರುತ್ತದೆ. ಏರುಶ್ರುತಿ ಮತ್ತು ಅವಸರ ಎರಡೂ ಒಟ್ಟಿಗೇ ಕಾಣಿಸಿಕೊಳ್ಳುವುದೇ ಅನುಮಾನಕ್ಕೆ ಎಡೆಕೊಡಬೇಕಿತ್ತು. ಗಾಯಕಿಯ ಆಯ್ಕೆಯೆಂದು ಓದಿದ ಈ ಜೋಡಿ ಲಕ್ಷಣ ಯಂತ್ರದ ವೇಗ ತಪ್ಪಿದಾಗಲೂ ತಪ್ಪದೆ ಮೂಡುತ್ತದೆ.

ಪಕ್ಕವಾದ್ಯದ ಹಾರ್ಮೋನಿಯಂ ಸ್ಥಿರಶ್ರುತಿಯದು, ಅದಕ್ಕೆ ಹೊಂದಿಸಿದರೆ ವೇಗ ತಿಳಿಯುತ್ತದೆ ಎಂಬ ಆಕ್ಷೇಪ ಬರುತ್ತದೆ. ಭಾಗಶಃ ಸರಿ. ಆದರೆ ಒಂದು ಮನೆಗೂ ಪಕ್ಕದ ಮನೆಗೂ ಇರುವ ಅಂತರ ಸುಮಾರು ಶೇ. 6; 78ರಲ್ಲಿ ಸರಿಹೊಂದುವ ತಟ್ಟೆ 73.6ರಲ್ಲೂ 69.5ರಲ್ಲೂ ಅಷ್ಟೇ ಚೆನ್ನಾಗಿ ಸರಿಹೊಂದುತ್ತದೆ. ಹಾರ್ಮೋನಿಯಂ ಸಾಧ್ಯತೆಗಳನ್ನು ಬೆರಳೆಣಿಕೆಗೆ ಇಳಿಸುತ್ತದೆ, ತೀರ್ಪು ಕೊಡುವುದಿಲ್ಲ. (ರೀಡುಗಳ ಶ್ರುತಿಯೂ ಆ ಕಾಲದಲ್ಲಿ ಒಂದೇ ಆಗಿರಲಿಲ್ಲ ಎಂಬುದನ್ನು ಸೇರಿಸಿದರೆ ಈ ವೇಗಗಳೂ ಅಂದಾಜೇ.) ವಿದ್ಯುತ್ ಯುಗದ ತಟ್ಟೆಗಳಲ್ಲಿ ಕೆಲವೊಮ್ಮೆ ಉಳಿದುಬಿಡುವ ವಿದ್ಯುತ್ತಿನ ಗುಂಯ್‌ಗಾಟದ ನೆರವೂ ಇಲ್ಲಿ ಸಿಗದು, ಕಹಳೆಯ ಮುಂದೆ ಹಾಡಿದ ಮುದ್ರಣದಲ್ಲಿ ಅದಕ್ಕೆ ಎಡೆಯೇ ಇಲ್ಲ.

ಉಪೇಕ್ಷಿತವಾದ ಸಾಕ್ಷ್ಯ ತಟ್ಟೆಯ ಕೊನೆಯಲ್ಲೇ ಇದೆ. ಹಾಡು ಮುಗಿದೊಡನೆ ಗೌಹರ್ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಾರೆ. ಇದನ್ನು ಸ್ವಾರಸ್ಯದ ಸಂಗತಿಯಾಗಿ ಎಲ್ಲರೂ ಉಲ್ಲೇಖಿಸುತ್ತಾರೆ, ಅಳೆಯುವ ಗೊಡವೆಗೆ ಹೋಗುವವರು ವಿರಳ. ಕಹಳೆಗೆ ಕೂಗಿ ಹೇಳಿದ ಮಾತಿನ ಏರಿಳಿತ ನಂಬಲರ್ಹವಲ್ಲ ಎನ್ನಬಹುದು, ಒಪ್ಪುತ್ತೇನೆ. ಆದರೆ ಸ್ವರಾಕ್ಷರಗಳ ಅನುರಣನ ಬಹುಮಟ್ಟಿಗೆ ಬಾಯಿ-ಗಂಟಲಿನ ಅಳತೆಯನ್ನು ಅವಲಂಬಿಸಿದೆ. ಬೇರೆ ಬೇರೆ ಸಂದರ್ಭಗಳ ತಟ್ಟೆಗಳಲ್ಲಿ ಅದೇ ಹೆಸರಿನ ಅದೇ ಅಕ್ಷರಗಳನ್ನು ಹೋಲಿಸಿದರೆ ಅವುಗಳ ಸಾಪೇಕ್ಷ ವೇಗದ ಅಂದಾಜು ದೊರೆಯುತ್ತದೆ. ಹಾರ್ಮೋನಿಯಂ ಕೊಟ್ಟ ಸಾಧ್ಯತೆಗಳನ್ನು ಅದರೊಡನೆ ಇಟ್ಟು ನೋಡಬೇಕು. ಗದ್ದಲ ಕಳೆಯುವ ಹುರುಪಿನಲ್ಲಿ ಈ ಕೊನೆಯ ಸೆಕೆಂಡುಗಳನ್ನು ಕತ್ತರಿಸಿದ ಪ್ರತಿ ಸಂಶೋಧಕನಿಗೆ ನಿರುಪಯುಕ್ತ.

ಇದನ್ನು ಡಿಜಿಟಲ್ ವಿರುದ್ಧದ ವಾದವೆಂದು ವಿನೈಲ್ ಪ್ರಿಯರು ಎತ್ತಿಕೊಳ್ಳಬಾರದು. ಹಳೆಯ ಅರಗಿನ ತಟ್ಟೆಯಿಂದ ತೆಗೆದ ಎಲ್‌ಪಿ ಮರುಮುದ್ರಣವೂ ಪ್ರತಿಯೇ. ಅಲ್ಲಿಯೂ ಯಾರೋ ಒಂದು ವೇಗ ಆರಿಸಿದ್ದಾರೆ. ಕೀಲಿ ಕೊಟ್ಟು ತಿರುಗಿಸುವ ಗ್ರಾಮೋಫೋನಿನಲ್ಲಿ ವೇಗದ ತಿರುಪು ಕೇಳುಗನ ಕೈಯಲ್ಲಿತ್ತು, ಆದರೆ ಉಕ್ಕಿನ ಮುಳ್ಳು ಪ್ರತಿ ಸಲವೂ ಗೀರನ್ನು ಸವೆಸುತ್ತಿತ್ತು. ಡಿಜಿಟಲ್ ಕಡತದಲ್ಲಿ ಸಾಧ್ಯವಿರುವ ಎಲ್ಲ ವೇಗಗಳನ್ನೂ ಸವೆತವಿಲ್ಲದೆ ಎಷ್ಟು ಸಲ ಬೇಕಾದರೂ ಪರೀಕ್ಷಿಸಬಹುದು. ಅದಕ್ಕೆ ಪ್ರತಿ ತೆಗೆದ ವೇಗ ಕಡತದ ಜೊತೆ ದಾಖಲಾಗಿರಬೇಕು, ಶೋಧಿಸದ ಮೂಲಪ್ರತಿಯೂ ಉಳಿದಿರಬೇಕು. 1928ರಲ್ಲಿ ಮೈಸೂರು ಅರಮನೆಗೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡ ಈ ಗಾಯಕಿಯ ಶೈಲಿ ಹೇಗೆ ಬದಲಾಯಿತೆಂದು ಬರೆಯುವವರು ಮೊದಲು 1902ರ ತಟ್ಟೆಗಳ ವೇಗ ತೋರಿಸಲಿ. ಅಲ್ಲಿಯವರೆಗೆ ‘ಅವಸರದ ಗೌಹರ್’ ಎಂಬ ತೀರ್ಮಾನವನ್ನು ಆಧಾರವಾಗಿ ಉಲ್ಲೇಖಿಸುವಂತಿಲ್ಲ.