ಅಡಿಕೆಯ ಸೊಕ್ಕಿಗೆ ಗಣಕದ ಲೆಕ್ಕ

ಕಡಬದ ಪಕ್ಕದ ಕೋಡಿಂಬಾಳ ಮಂಗಳೂರು–ಹಾಸನ ರೈಲುಮಾರ್ಗದ ಒಂದು ಪುಟ್ಟ ನಿಲ್ದಾಣ. ಸುತ್ತಲೂ ಅಡಿಕೆ ತೋಟಗಳು. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಮಕ್ಕಳ ಫೀಸು, ಮಗಳ ಮದುವೆ, ಬ್ಯಾಂಕಿನ ಸಾಲ ಎಲ್ಲವೂ ಅಂಗಳದಲ್ಲಿ ಒಣಗುವ ಚಾಲಿ ಅಡಿಕೆಯ ಧಾರಣೆಯನ್ನು ನೋಡಿಕೊಂಡೇ ನಡೆಯಬೇಕು. ತುಳುವರ ಬಚ್ಚಿರೆ–ಬಜ್ಜೆಯಿ ಇಲ್ಲದೆ ಇಲ್ಲಿ ಮದುವೆಯೂ ಇಲ್ಲ, ಕೋಲವೂ ಇಲ್ಲ.

ಈ ಸೀಮೆಯವರಿಗೆ ಅಡಿಕೆಯ ಇನ್ನೊಂದು ಗುಣವೂ ಚೆನ್ನಾಗಿ ಗೊತ್ತು. ಒಮ್ಮೊಮ್ಮೆ ಅದು ‘ಸೊಕ್ಕುತ್ತದೆ’. ಹೋಳು ಬಾಯಿಗೆ ಹಾಕಿದ ಸ್ವಲ್ಪ ಹೊತ್ತಿನಲ್ಲೇ ತಲೆ ತಿರುಗುತ್ತದೆ, ಮೈ ಬೆವರುತ್ತದೆ, ಬಾಯಲ್ಲಿ ನೀರೂರುತ್ತದೆ. ನೀರು ಕುಡಿದು ತುಸು ಕುಳಿತರೆ ಸರಿಹೋಗುತ್ತದೆ. ಮನೆಮಂದಿ ನಕ್ಕು ಸುಮ್ಮನಾಗುತ್ತಾರೆ.

ಆದರೆ ವಿಜ್ಞಾನಿಗಳು ಸುಮ್ಮನಾಗಲಿಲ್ಲ. ಈ ಸೊಕ್ಕಿನ ಜಾಡು ಹಿಡಿದು ಹೊರಟ ಸಂಶೋಧನೆ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. 2024ರ ಸೆಪ್ಟೆಂಬರ್ 26ರಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಸ್ಕಿಜೋಫ್ರೇನಿಯಾ ಎಂಬ ಚಿತ್ತವಿಕಲತೆಗೆ ‘ಕೋಬೆನ್ಫಿ’ ಎಂಬ ಹೊಸ ಔಷಧವನ್ನು ಒಪ್ಪಿತು. ಅದರ ಮುಖ್ಯ ಅಂಶವಾದ ಝನೊಮೆಲಿನ್ ಎಂಬ ವಸ್ತುವಿನ ಮೂಲಮಾದರಿ ಬೇರೇನೂ ಅಲ್ಲ, ಅಡಿಕೆಯಲ್ಲಿರುವ ಅರೆಕೋಲಿನ್. ಮಿದುಳಿನ ರಸಾಯನವನ್ನು ಲೆಕ್ಕಕ್ಕೆ ಇಳಿಸಿ, ಗಣಕಯಂತ್ರದಲ್ಲಿ ಮಾದರಿ ಕಟ್ಟಿ ಔಷಧ ಹುಡುಕುವ ವಿದ್ಯೆಯೂ ಇದೇ ಅವಧಿಯಲ್ಲಿ ಬೆಳೆಯಿತು. ಎರಡು ಕತೆಗಳಲ್ಲೂ ಬೆಂಗಳೂರಿಗೆ ಪಾಲಿದೆ.

ಕಪ್ಪೆಯ ಹೃದಯದಿಂದ ಶುರು

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ರಸಾಯನ ಶಾಸ್ತ್ರಜ್ಞರು ಅಡಿಕೆಯಿಂದ ಅರೆಕೋಲಿನನ್ನು ಬೇರ್ಪಡಿಸಿದರು. ಅಡಿಕೆಯ ತೂಕದಲ್ಲಿ ಇದರ ಪಾಲು ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆಗ ಇದಕ್ಕೆ ಸಿಕ್ಕ ಉಪಯೋಗ ನಾಯಿಗಳ ಹೊಟ್ಟೆಯ ಲಾಡಿಹುಳು ಕೀಳಿಸುವುದು, ಅಷ್ಟೆ.

ಸೊಕ್ಕು ಏಕೆ ಬರುತ್ತದೆ ಎಂಬುದಕ್ಕೆ ಉತ್ತರ ಬಂದದ್ದು ಬೇರೊಂದು ದಿಕ್ಕಿನಿಂದ. 1921ರಲ್ಲಿ ಆಟ್ಟೊ ಲ್ಯೋವಿ ಎಂಬ ವಿಜ್ಞಾನಿ ಒಂದು ಕಪ್ಪೆಯ ಹೃದಯದ ನರವನ್ನು ಪ್ರಚೋದಿಸಿ ಅದರ ಬಡಿತ ನಿಧಾನವಾಗುವಂತೆ ಮಾಡಿದರು. ಆ ಹೃದಯವನ್ನು ತೊಳೆದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದಾಗ ಅದೂ ನಿಧಾನವಾಯಿತು. ನರದ ತುದಿಯಿಂದ ಯಾವುದೋ ರಾಸಾಯನಿಕ ಒಸರುತ್ತದೆ ಎಂದು ಇದರಿಂದ ಸಿದ್ಧವಾಯಿತು. ಅದೇ ಅಸಿಟೈಲ್‌ಕೋಲಿನ್. ಹೆನ್ರಿ ಡೇಲ್ ಅವರೊಂದಿಗೆ ಲ್ಯೋವಿಗೆ 1936ರಲ್ಲಿ ನೊಬೆಲ್ ಬಂತು.

ಅರೆಕೋಲಿನ್ ಅಣು ಈ ಅಸಿಟೈಲ್‌ಕೋಲಿನ್‌ನ ವೇಷ ಹಾಕಬಲ್ಲದು. ಜೀವಕೋಶದ ಮೈಮೇಲೆ ಅಸಿಟೈಲ್‌ಕೋಲಿನ್‌ಗಾಗಿಯೇ ಇರುವ ‘ಗ್ರಾಹಕ’ಗಳೆಂಬ ಬೀಗಗಳಿವೆ. ಅರೆಕೋಲಿನ್ ಕಳ್ಳಕೀಲಿಯಂತೆ ಅವನ್ನು ತೆರೆಯುತ್ತದೆ. ಬೆವರು, ಜೊಲ್ಲು, ತಲೆತಿರುಗು ಎಲ್ಲವೂ ಅದರ ಫಲ.

1975ರಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಅಡಿಕೆಯ ಬೇರೆ ಕೆಲವು ಅಂಶಗಳು ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕವನ್ನು ಕೋಶಗಳು ಮರಳಿ ಹೀರಿಕೊಳ್ಳದಂತೆ ತಡೆಯುತ್ತವೆ ಎಂದು ಗ್ರಹಾಂ ಜಾನ್‌ಸ್ಟನ್, ಡೆನ್ಮಾರ್ಕಿನ ಪೊವ್ಲ್ ಕ್ರೋಗ್ಸ್‌ಗೋರ್–ಲಾರ್ಸೆನ್ ಮತ್ತಿತರರು ವರದಿ ಮಾಡಿದರು. ಈ ಬಗೆಯ ಅಣುಗಳ ಬೆನ್ನು ಹತ್ತಿದ ಸಂಶೋಧನೆಯೇ ಮುಂದೆ ಅಪಸ್ಮಾರಕ್ಕೆ ಟಯಾಗಬಿನ್ ಎಂಬ ಔಷಧ ಬರಲು ದಾರಿಯಾಯಿತು. 1978ರಲ್ಲಿ ಅಮೆರಿಕದಲ್ಲಿ ಎನ್. ಸೀತಾರಾಂ ಮತ್ತು ಸಂಗಡಿಗರು ಅರೆಕೋಲಿನ್ ಕೊಟ್ಟಾಗ ಪದಗಳ ಪಟ್ಟಿಯನ್ನು ಕಲಿಯುವ ಶಕ್ತಿ ಹೆಚ್ಚುತ್ತದೆ ಎಂದು ತೋರಿಸಿದರು. ಅಡಿಕೆಯ ಸಂಬಂಧ ಕೇವಲ ಬೆವರು, ಜೊಲ್ಲಿನೊಂದಿಗಲ್ಲ, ನೆನಪಿನೊಂದಿಗೂ ಇದೆ ಎಂದಾಯಿತು.

ಕಪಾಟು ಸೇರಿದ ಔಷಧ

ಆದರೆ ಅರೆಕೋಲಿನನ್ನು ಹಾಗೆಯೇ ಮಾತ್ರೆ ಮಾಡುವಂತಿರಲಿಲ್ಲ. ದೇಹದಲ್ಲಿ ಅದು ಬಹುಬೇಗ ಒಡೆದುಹೋಗುತ್ತದೆ. ಮೇಲಾಗಿ ಅದು ತೆರೆಯುವ ಮಸ್ಕರಿನಿಕ್ ಗ್ರಾಹಕಗಳಲ್ಲಿ ಎಂ1ರಿಂದ ಎಂ5ರವರೆಗೆ ಐದು ಬಗೆ ಇವೆ ಎಂದು 1980ರ ದಶಕದ ಉತ್ತರಾರ್ಧದಲ್ಲಿ ಗೊತ್ತಾಯಿತು. ಎಂ1 ಮತ್ತು ಎಂ4 ಮಿದುಳಿನಲ್ಲಿ ಹೆಚ್ಚು. ಎಂ2, ಎಂ3 ಹೃದಯ, ಕರುಳು, ಜೊಲ್ಲಿನ ಗ್ರಂಥಿಗಳಲ್ಲಿ ಹೆಚ್ಚು. ಮೊದಲಿನೆರಡನ್ನು ಮುಟ್ಟಬೇಕು, ಉಳಿದವನ್ನು ಬಿಡಬೇಕು.

ಡೆನ್ಮಾರ್ಕಿನ ನೋವೊ ನಾರ್ಡಿಸ್ಕ್ ಮತ್ತು ಅಮೆರಿಕದ ಇಲೈ ಲಿಲ್ಲಿ ಕಂಪನಿಗಳ ರಸಾಯನಜ್ಞರು ಅರೆಕೋಲಿನ್‌ನ ಮುಖ್ಯ ಉಂಗುರವನ್ನು ಉಳಿಸಿಕೊಂಡರು. ಬೇಗ ಒಡೆಯುವ ಭಾಗವನ್ನು ಕಿತ್ತು ಆ ಜಾಗದಲ್ಲಿ ಗಂಧಕ, ಸಾರಜನಕಗಳಿರುವ ಗಟ್ಟಿ ಉಂಗುರವೊಂದನ್ನು ಕೂರಿಸಿದರು. ಅದಕ್ಕೊಂದು ಇಂಗಾಲದ ಬಾಲ ಜೋಡಿಸಿದರು. ಹೀಗೆ ಹುಟ್ಟಿದ ಝನೊಮೆಲಿನ್‌ನ ವಿವರ 1992ರಲ್ಲಿ ಪ್ರಕಟವಾಯಿತು.

ಮರೆವಿನ ರೋಗವಾದ ಅಲ್‌ಝೈಮರ್‌ಗೆ ಇದನ್ನು 343 ರೋಗಿಗಳ ಮೇಲೆ ಪರೀಕ್ಷಿಸಿದ ಫಲಿತಾಂಶ 1997ರಲ್ಲಿ ಬಂತು. ಭ್ರಮೆ, ಸಂಶಯ, ಉದ್ರೇಕ ಮೊದಲಾದ ಲಕ್ಷಣಗಳು ಗಮನಾರ್ಹವಾಗಿ ತಗ್ಗಿದ್ದವು. ಆದರೆ ವಾಕರಿಕೆ, ವಾಂತಿ, ಬೆವರು ತಾಳಲಾರದೆ ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಔಷಧ ಬಿಟ್ಟರು. ಕೋಡಿಂಬಾಳದವರ ಮಾತಿನಲ್ಲಿ ಹೇಳುವುದಾದರೆ, ಔಷಧ ಸೊಕ್ಕಿತು. ಝನೊಮೆಲಿನ್ ಕಪಾಟು ಸೇರಿತು.

ಅದನ್ನು ಕಪಾಟಿನಿಂದ ಇಳಿಸಿ ನೋಡಿದವರಲ್ಲಿ ಒಬ್ಬರು ಡಾ. ಅನಂತ ಶೇಖರ್. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಅಮೆರಿಕದ ಇಂಡಿಯಾನಾದಲ್ಲಿ ಮನೋವೈದ್ಯರಾಗಿದ್ದವರು. ಅವರ ತಂಡ ಕೇವಲ 20 ಮಂದಿ ಸ್ಕಿಜೋಫ್ರೇನಿಯಾ ರೋಗಿಗಳ ಮೇಲೆ ನಡೆಸಿದ ಪರೀಕ್ಷೆ 2008ರಲ್ಲಿ ಪ್ರಕಟವಾಯಿತು. ಫಲಿತಾಂಶ ಆಶಾದಾಯಕವಾಗಿತ್ತು. 1950ರ ದಶಕದ ಕ್ಲೋರ್‌ಪ್ರೊಮಝೈನ್ ಕಾಲದಿಂದಲೂ ಈ ರೋಗದ ಔಷಧಗಳೆಲ್ಲ ಡೋಪಮಿನ್ ಎಂಬ ರಾಸಾಯನಿಕದ ಬೀಗವನ್ನೇ ಮುಚ್ಚುವಂಥವು. ಕೈಕಾಲು ಬಿಗಿಯುವುದು, ನಡುಗುವುದು, ಮೈ ದಪ್ಪವಾಗುವುದು ಅವುಗಳಲ್ಲಿ ಕಂಡುಬರುವ ತೊಂದರೆಗಳು. ಬೇರೆಯೇ ಬಾಗಿಲೊಂದು ಇದೆ ಎಂಬುದು ರೋಗಿಗಳ ಮನೆಯವರಿಗೆ ಸಣ್ಣ ಸುದ್ದಿಯೇನಲ್ಲ.

ಉಳಿದದ್ದು ಸೊಕ್ಕನ್ನು ತಗ್ಗಿಸುವ ಸಮಸ್ಯೆ. ಅಮೆರಿಕದ ಕರುಣಾ ಥೆರಪ್ಯೂಟಿಕ್ಸ್ ಎಂಬ ಕಂಪನಿಯವರು ಝನೊಮೆಲಿನ್ ಜತೆಗೆ ಅದರ ವಿರೋಧಿ ಔಷಧವೊಂದನ್ನು ಕೊಡುವ ಉಪಾಯ ಮಾಡಿದರು. ಷರತ್ತು ಒಂದೇ: ವಿರೋಧಿಯು ಮಿದುಳಿನೊಳಗೆ ಹೋಗಬಾರದು. ಸಾವಿರಾರು ಜೋಡಿಗಳನ್ನು ಲೆಕ್ಕಾಚಾರದಿಂದ ಅಂಕ ಕೊಟ್ಟು ಸೋಸಿದಾಗ ಸಿಕ್ಕಿದ್ದು, ಮೂತ್ರಕೋಶದ ತೊಂದರೆಗೆ ಆಗಲೇ ಬಳಕೆಯಲ್ಲಿದ್ದ ಟ್ರಾಸ್ಪಿಯಂ. ಝನೊಮೆಲಿನ್ ಮಿದುಳಿನಲ್ಲಿ ಬೀಗ ತೆರೆಯುತ್ತದೆ. ಟ್ರಾಸ್ಪಿಯಂ ಹೊಟ್ಟೆ, ಕರುಳುಗಳ ಬೀಗಕ್ಕೆ ಅಡ್ಡ ನಿಲ್ಲುತ್ತದೆ. 182 ರೋಗಿಗಳ ಮೇಲೆ ಐದು ವಾರ ನಡೆದ ಪರೀಕ್ಷೆಯ ಯಶಸ್ಸು 2021ರಲ್ಲಿ ಪ್ರಕಟವಾಯಿತು.

ಬೀಗದ ನಕ್ಷೆ ಬರೆದವರು

ಇಷ್ಟೆಲ್ಲ ಆಗುವಾಗ ಆ ಬೀಗದ ನಿಜರೂಪವನ್ನು ಯಾರೂ ಕಂಡಿರಲಿಲ್ಲ. 1990ರ ದಶಕದಲ್ಲಿ ಗಣಕಯಂತ್ರದಲ್ಲಿ ಇಂಥ ಗ್ರಾಹಕಗಳ ಮಾದರಿ ಕಟ್ಟುವವರು ಬ್ಯಾಕ್ಟೀರಿಯದ ಒಂದು ಪ್ರೋಟೀನನ್ನು ಅಚ್ಚಾಗಿ ಇಟ್ಟುಕೊಂಡು ಅಂದಾಜು ಮಾಡಬೇಕಿತ್ತು. ಪಕ್ಕದ ಮನೆ ನೋಡಿ ನಮ್ಮ ಮನೆಯ ನಕ್ಷೆ ಬರೆದಂತೆ.

ಪ್ರೋಟೀನು ಎಂಬ ಸರಪಳಿ ಹೇಗೆಲ್ಲ ಬಾಗಬಹುದು, ಹೇಗೆ ಬಾಗಲು ಸಾಧ್ಯವೇ ಇಲ್ಲ ಎಂಬುದನ್ನು ಲೆಕ್ಕ ಹಾಕಿ ಮೊದಲು ನಕ್ಷೆ ಬರೆದವರು ಜಿ.ಎನ್. ರಾಮಚಂದ್ರನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಅವರು, ಮದ್ರಾಸಿನಲ್ಲಿದ್ದಾಗ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಜತೆಗೂಡಿ 1963ರಲ್ಲಿ ಈ ಕೆಲಸ ಪ್ರಕಟಿಸಿದರು. ಮರಳಿ ಬೆಂಗಳೂರಿಗೆ ಬಂದು 1971ರಲ್ಲಿ ಅಣುಜೀವ ಭೌತವಿಜ್ಞಾನ ವಿಭಾಗವನ್ನು ಕಟ್ಟಿದರು. ಇಂದಿಗೂ ಜಗತ್ತಿನ ಯಾವ ಮೂಲೆಯಲ್ಲಿ ಪ್ರೋಟೀನಿನ ಮಾದರಿ ಕಟ್ಟಿದರೂ ಅದು ಸರಿಯೇ ಎಂದು ನೋಡುವುದು ‘ರಾಮಚಂದ್ರನ್ ನಕ್ಷೆ’ಗೆ ಹೋಲಿಸಿಯೇ.

ನರಕೋಶವನ್ನು ಲೆಕ್ಕಕ್ಕೆ ಇಳಿಸಿದವರು ಇಂಗ್ಲೆಂಡಿನ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ. 1952ರಲ್ಲಿ ಪ್ರಕಟವಾದ ಅವರ ಸಮೀಕರಣಗಳನ್ನು ಬಿಡಿಸುವ ಹೊತ್ತಿಗೆ ಕೇಂಬ್ರಿಜ್‌ನ ಗಣಕಯಂತ್ರ ಬಳಕೆಗೆ ಸಿಗಲಿಲ್ಲ. ಹಕ್ಸ್‌ಲಿ ಕೈಹಿಡಿ ತಿರುಗಿಸುವ ಲೆಕ್ಕದ ಯಂತ್ರದಲ್ಲೇ ವಾರಗಟ್ಟಲೆ ದುಡಿದು ಮುಗಿಸಿದರು. ಈ ದಾರಿಯಲ್ಲಿ ಮುಂದೆ ಬಂದವರಲ್ಲಿ ಉಪಿಂದರ್ ಭಲ್ಲಾ ಒಬ್ಬರು. ನರಕೋಶಗಳ ಮಾದರಿ ಕಟ್ಟುವ ‘ಜೆನೆಸಿಸ್’ ಎಂಬ ತಂತ್ರಾಂಶದ ನಿರ್ಮಾಣದಲ್ಲಿ ಪಾಲ್ಗೊಂಡಿದ್ದ ಅವರು, 1996ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಕ್ಕೆ ಬಂದರು. ಬೀಗ ತೆರೆದ ಮೇಲೆ ಕೋಶದೊಳಗೆ ಒಂದರ ಹಿಂದೊಂದು ನಡೆಯುವ ರಾಸಾಯನಿಕ ಕ್ರಿಯೆಗಳನ್ನು ಗಣಕದಲ್ಲಿ ಜೋಡಿಸಿ ನೋಡಿ, ಬಿಡಿಬಿಡಿಯಾಗಿ ಕಾಣದ ಗುಣಗಳು ಅವು ಕೂಡಿದಾಗ ಹುಟ್ಟುತ್ತವೆ ಎಂದು 1999ರಲ್ಲಿ ರವಿ ಅಯ್ಯಂಗಾರ್ ಜತೆ ತೋರಿಸಿದರು. ನೆನಪು ಹೇಗೆ ಉಳಿಯುತ್ತದೆ ಎಂಬ ಪ್ರಶ್ನೆಗೆ ಇದು ಮುಖ್ಯ.

ಮಸ್ಕರಿನಿಕ್ ಬೀಗದ ನಿಜವಾದ ಆಕಾರ ಕೊನೆಗೂ ಸಿಕ್ಕಿದ್ದು 2012ರಲ್ಲಿ, ಎಂ2 ಮತ್ತು ಎಂ3ರದ್ದು. ಎಂ1, ಎಂ4 ಆಕಾರಗಳು 2016ರಲ್ಲಿ ಬಂದವು. ಐದರಲ್ಲೂ ಒಳಕೋಣೆ ಹೆಚ್ಚುಕಡಿಮೆ ಒಂದೇ ತೆರ. ಅಸಿಟೈಲ್‌ಕೋಲಿನ್ ಐದಕ್ಕೂ ಹೊಂದಬೇಕಲ್ಲ! ಒಂದಕ್ಕೆ ಮಾತ್ರ ಹಿಡಿಯುವ ಕೀಲಿ ಮಾಡುವುದು ಅಷ್ಟು ಕಷ್ಟವಾದದ್ದು ಇದೇ ಕಾರಣಕ್ಕೆ. ಆದರೆ ನ್ಯೂಯಾರ್ಕಿನ ಆಂಟನ್ ಎಂಬ ವಿಶೇಷ ಗಣಕಯಂತ್ರದಲ್ಲಿ ಅಣುಗಳ ಚಲನೆಯನ್ನು ಅನುಕರಿಸಿದಾಗ, ಔಷಧದ ಅಣು ಒಳಕೋಣೆಗೆ ಹೋಗುವ ಮುನ್ನ ಹೊರಗಿನ ಜಗಲಿಯಂಥ ಜಾಗದಲ್ಲಿ ತುಸು ತಂಗುವುದು ಕಂಡಿತು. ಈ ಜಗಲಿ ಮಾತ್ರ ಬೀಗದಿಂದ ಬೀಗಕ್ಕೆ ಬೇರೆ. 2023ರಲ್ಲಿ ಪ್ರಕಟವಾದ ಚಿತ್ರದಲ್ಲಿ ಎಂ4ರ ಒಳಕೋಣೆಯಲ್ಲೊಂದು, ಜಗಲಿಯಲ್ಲೊಂದು, ಹೀಗೆ ಎರಡು ಕಡೆ ಝನೊಮೆಲಿನ್ ಕುಳಿತಿತ್ತು. 1992ರಲ್ಲಿ ಕೈಚಳಕದಿಂದ ಮಾಡಿದ ಔಷಧದ ಗುಟ್ಟು ಮೂವತ್ತು ವರ್ಷಗಳ ನಂತರ ತಿಳಿಯುತ್ತಾ ಬಂತು.

ಲೆಕ್ಕಕ್ಕೆ ಸಿಗದ್ದು

ಹಾಗೆಂದು ಗಣಕ ಹೇಳಿದ್ದೆಲ್ಲ ರೋಗಿಯ ಮೇಲೆ ನಡೆಯುತ್ತದೆ ಎಂದಲ್ಲ. ಎಂ4ರ ಜಗಲಿಯನ್ನೇ ಗುರಿಯಾಗಿಸಿದ ಎಮ್ರಾಕ್ಲಿಡಿನ್ ಎಂಬ ಔಷಧ 2024ರ ನವೆಂಬರಿನಲ್ಲಿ ಪರೀಕ್ಷೆಯಲ್ಲಿ ಸೋತಿತು. ಹಳೆಯ ಔಷಧಗಳ ಜತೆಗೆ ಕೋಬೆನ್ಫಿಯನ್ನೂ ಕೊಟ್ಟು ನೋಡಿದ ಪರೀಕ್ಷೆ 2025ರಲ್ಲಿ ನಿರೀಕ್ಷಿಸಿದ ಫಲ ಕೊಡಲಿಲ್ಲ. ಅಮೆರಿಕದಲ್ಲಿ ಬಿಡುಗಡೆಯಾದಾಗ ಇದರ ಪಟ್ಟಿಬೆಲೆ ತಿಂಗಳಿಗೆ 1,850 ಡಾಲರ್. ನಮ್ಮ ಊರಿನ ರೋಗಿಗೆ ಎಟುಕುವ ಮಾತಲ್ಲ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಪೆಸಿಫಿಕ್ ಸಾಗರದ ಪಲಾವ್ ದ್ವೀಪದಲ್ಲಿ ಅಡಿಕೆ ಜಗಿಯುವ ಸ್ಕಿಜೋಫ್ರೇನಿಯಾ ರೋಗಿಗಳಲ್ಲಿ ಕೆಲವು ಲಕ್ಷಣಗಳು ಕಡಿಮೆ ಎಂದು 2000ದಲ್ಲಿ ಒಂದು ಅಧ್ಯಯನ ಹೇಳಿದ್ದುಂಟು. ಇದನ್ನು ಹಿಡಿದು ಅಡಿಕೆಯೇ ಮದ್ದು ಎಂದುಕೊಳ್ಳುವುದು ಅಪಾಯ. ಹೊಗೆಸೊಪ್ಪು ಸೇರಿಸದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟವಾದ ವರದಿಯಲ್ಲಿ ವರ್ಗೀಕರಿಸಿದೆ. ಬೆಳೆಗಾರರಿಗೆ ಇದು ಇಂದಿಗೂ ನುಂಗಲಾರದ ತುತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಗೆ ಹೊಸ ಅರ್ಥ ಬಂದಂತಿದೆ. ಹೊಸ ಔಷಧವೊಂದು ಬಂದಿತೆಂದು ಆ ವರದಿಯೇನೂ ಬದಲಾಗದು.

ಔಷಧದಿಂದ ಅಡಿಕೆಗೆ ಬೆಲೆ ಬರುವುದೂ ಇಲ್ಲ. ಝನೊಮೆಲಿನ್ ಕಾರ್ಖಾನೆಯಲ್ಲಿ ತಯಾರಾಗುವ ವಸ್ತು. ಅದಕ್ಕೆ ಒಂದು ಹೋಳು ಅಡಿಕೆಯೂ ಬೇಡ. 1956ರಿಂದ ವಿಟ್ಲದಲ್ಲಿ ಅಡಿಕೆ ಸಂಶೋಧನೆ ನಡೆದಿದೆ. ಅಲ್ಲಿ ಹೆಚ್ಚಾಗಿ ನಡೆದದ್ದು ತಳಿ, ಇಳುವರಿ, ರೋಗಗಳ ಕೆಲಸ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಧಾರಣೆಯನ್ನು ನೋಡಿಕೊಂಡಿತು. ಬೆಳೆಗಾರನಿಗೆ ಬೇಕಾದದ್ದೂ ಅದೇ ಆಗಿತ್ತು. ಸೊಕ್ಕಿನ ಕಾರಣ ಹುಡುಕುವ ಕೆಲಸ ಜರ್ಮನಿ, ಡೆನ್ಮಾರ್ಕ್, ಅಮೆರಿಕಗಳಲ್ಲಿ ನಡೆಯಿತು. ಲೆಕ್ಕ ಹಾಕಬಲ್ಲವರು ಬೆಂಗಳೂರಿನಲ್ಲೇ ಇದ್ದರು, ಅಡಿಕೆ ಕೋಡಿಂಬಾಳದಲ್ಲಿತ್ತು. ಇವೆರಡರ ನಡುವೆ ಒಂದು ರಾತ್ರಿಯ ಪ್ರಯಾಣ ಮಾತ್ರ.