ಡ್ರ್ಯಾಗ್ ರೇಸ್: ಬೀದಿ ಬಿಟ್ಟು ರನ್‌ವೇಗೆ ಹೋದ ಕತೆ

ಏನಿದು?
ಎರಡು ಗಾಡಿ, ನೇರ ದಾರಿ, ಕಾಲು ಮೈಲಿ ಅಂದ್ರೆ 402 ಮೀಟರ್. ನಿಂತಲ್ಲಿಂದ ಹೊರಟು ಮೊದಲು ಗೆರೆ ದಾಟಿದವರು ಗೆದ್ದಂತೆ.

ಕಟ್ಟಿದವರು ಯಾರು?
ದೊಡ್ಡ ಕಂಪನಿಗಳಲ್ಲ, ಗ್ಯಾರೇಜಿನ ಹುಡುಗರು. ಎರಡನೇ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯಾದ ಯುವಕರು 1932ರ ಫೋರ್ಡ್‌ನಂಥ ಹಳೇ ಕಾರುಗಳ ಮಡ್‌ಗಾರ್ಡ್ ಕಿತ್ತು, ತೂಕ ಇಳಿಸಿ, ಎಂಜಿನ್ ಬಲ ಹೆಚ್ಚಿಸಿ ಓಡಿಸಿದರು. 1950ರಲ್ಲಿ ಸಾಂತಾ ಅನಾ ವಿಮಾನ ನಿಲ್ದಾಣದ ರನ್‌ವೇ ಇವರ ಟ್ರ್ಯಾಕ್ ಆಯಿತು. 1951ರಲ್ಲಿ ವಾಲಿ ಪಾರ್ಕ್ಸ್ ಕಟ್ಟಿದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಈ ಆಟಕ್ಕೆ ಸುರಕ್ಷತಾ ನಿಯಮ ತಂದಿತು.

ನಿಯಮ ಏಕೆ ಬೇಕಿತ್ತು?
1970ರಲ್ಲಿ ಡಾನ್ ಗಾರ್ಲಿಟ್ಸ್ ಕಾರಿನ ಟ್ರಾನ್ಸ್‌ಮಿಷನ್ ಸಿಡಿದು ಅವರ ಪಾದದ ಒಂದು ಭಾಗವೇ ಹೋಯಿತು. ಮರುವರ್ಷ ಅವರು ಎಂಜಿನ್ನನ್ನು ಚಾಲಕನ ಬೆನ್ನ ಹಿಂದಿಟ್ಟ ಕಾರು ತಂದು ಗೆದ್ದರು. ಮುಂದೆ ಅದೇ ವಿನ್ಯಾಸ ರೂಢಿಯಾಯಿತು. 1977ರಲ್ಲಿ ಶರ್ಲಿ ಮಲ್ಡೌನಿ ಈ 'ಗಂಡಸರ ಆಟ'ದ ಅತಿ ವೇಗದ ವಿಭಾಗದಲ್ಲಿ ಚಾಂಪಿಯನ್ ಆದರು.

ನಮ್ಮಲ್ಲಿ?
ಇಲ್ಲಿ ಹುಚ್ಚು ಕಾರಿಗಿಂತ ಬೈಕಿನದು: ಮೈಸೂರಲ್ಲಿ ತಯಾರಾಗುತ್ತಿದ್ದ ಯೆಜ್ಡಿ, ಆಮೇಲೆ ಯಮಹಾ ಆರ್‌ಎಕ್ಸ್ 100. ಚನ್ನಗಿರಿ ಇರಲಿ, ಬೆಂಗಳೂರಿರಲಿ, ಕಾನೂನು ಒಂದೇ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ, ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡಿದರೆ ಮೊದಲ ಸಲ 3 ತಿಂಗಳವರೆಗೆ ಜೈಲು ಅಥವಾ 5,000 ರೂ.ವರೆಗೆ ದಂಡ, ಇಲ್ಲವೇ ಎರಡೂ.

ಬೀದಿಯಲ್ಲಿ ರೇಸ್ ಮಾಡೋದು ದಾರಿಹೋಕರ ಜೀವದ ಜೊತೆ ಆಟ. ದಂಡ ಬೇಕೇ ಬೇಕು. ಆದರೆ ಅದೇ ಸೆಕ್ಷನ್‌ನಲ್ಲಿ 'ಒಪ್ಪಿಗೆ' ಅನ್ನೋ ಪದವೂ ಇದೆ. ಹುಡುಗರನ್ನು ಬೀದಿಯಿಂದ ಆಚೆ ತರಲು ಸಾಂತಾ ಅನಾ ಕೊಟ್ಟದ್ದು ಜಾಗ. ಸರ್ಕಾರವನ್ನು ನಾವು ಕೇಳಬೇಕಾದ್ದೂ ಅದನ್ನೇ.